ಮನೆಯಲ್ಲೇ ನಾಯಿಯ ಹಲ್ಲುಜ್ಜುವ ಬಗೆ

ನಾಯಿಯ ಬಾಯಿ ನಾರುವುದು ಸಹಜವೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಪ್ರತಿ ವರ್ಷ ರೇಬೀಸ್ ಲಸಿಕೆಯನ್ನು ತಪ್ಪದೆ ಹಾಕಿಸುವವರೂ ಅದರ ತುಟಿಯನ್ನೆತ್ತಿ ಹಲ್ಲುಗಳನ್ನು ನೋಡುವುದು ಅಪರೂಪ. ಆರೋಗ್ಯವಾಗಿರುವ ನಾಯಿಯ ಬಾಯಿ ಗಬ್ಬು ನಾರುವುದಿಲ್ಲ. ಸದಾ ದುರ್ವಾಸನೆ ಬರುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಒಸಡಿನ ರೋಗವನ್ನು.

ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರೀಯವಾದುದರಿಂದ ಅದರ ಹಲ್ಲು ಹುಳುಕಾಗುವುದು ವಿರಳ. ಆದರೆ ಹಲ್ಲಿನ ಮೇಲೆ ದಿನವೂ ಕೂರುವ ಬ್ಯಾಕ್ಟೀರಿಯಾಗಳ ಲೋಳೆಪದರವು ಅದೇ ಜೊಲ್ಲಿನ ಖನಿಜಾಂಶಗಳನ್ನು ಹಿಡಿದುಕೊಂಡು ಕೆಲವೇ ದಿನಗಳಲ್ಲಿ ಹಳದಿ ಅಥವಾ ಕಂದು ಬಣ್ಣದ ಕಿಟ್ಟವಾಗಿ ಗಟ್ಟಿಯಾಗುತ್ತದೆ. ಲೋಳೆ ಬ್ರಷ್‌ಗೆ ಬರುತ್ತದೆ, ಕಿಟ್ಟ ಬರುವುದಿಲ್ಲ. ದಿನಕ್ಕೊಮ್ಮೆ ಉಜ್ಜಬೇಕೆಂದು ಪಶುವೈದ್ಯರು ಒತ್ತಿ ಹೇಳುವುದಕ್ಕೆ ಇದೇ ಕಾರಣ; ವಾರಕ್ಕೊಮ್ಮೆ ಎಷ್ಟೇ ಶ್ರದ್ಧೆಯಿಂದ ಉಜ್ಜಿದರೂ ಅಷ್ಟರಲ್ಲಿ ಕಿಟ್ಟ ಕಟ್ಟಿರುತ್ತದೆ.

ಬೆಳೆದ ನಾಯಿಗೆ 42 ಹಲ್ಲುಗಳಿರುತ್ತವೆ. ನಮ್ಮ ಮನೆಯಲ್ಲಿರುವ ಪೊಮೆರೇನಿಯನ್‌ನಂಥ ಚಿಕ್ಕ ತಳಿಗಳಲ್ಲಿ ಅಷ್ಟೂ ಹಲ್ಲುಗಳು ಪುಟ್ಟ ದವಡೆಯಲ್ಲಿ ಒತ್ತಿಕೊಂಡು ಕೂರುವುದರಿಂದ ಒಸಡಿನ ರೋಗ ಬೇಗ ಬರುತ್ತದೆ. ಮರಿಯ ಹಾಲುಹಲ್ಲುಗಳು ಆರೇಳು ತಿಂಗಳ ಹೊತ್ತಿಗೆ ಉದುರಬೇಕು. ಹಾಲಿನ ಕೋರೆಹಲ್ಲು ಉದುರದೆ ಹೊಸದರ ಪಕ್ಕದಲ್ಲೇ ನಿಂತಿದ್ದರೆ ವೈದ್ಯರಿಗೆ ತೋರಿಸಬೇಕು.

ಉಜ್ಜುವುದನ್ನು ರೂಢಿ ಮಾಡಿಸುವಾಗ ಅವಸರ ಕೂಡದು. ಮೊದಮೊದಲು ತುಟಿಯನ್ನು ಎತ್ತಿ ಬಿಡುವುದಷ್ಟೇ ಸಾಕು; ಅದಕ್ಕೆ ಒಗ್ಗಿದ ಮೇಲೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹಲ್ಲನ್ನು ಸವರಬೇಕು, ನಾಯಿಗಳ ಪೇಸ್ಟನ್ನು ಬೆರಳಿನಿಂದಲೇ ನೆಕ್ಕಿಸಬೇಕು, ಆಮೇಲೆ ಮೆತ್ತನೆಯ ಎಳೆಗಳ ಚಿಕ್ಕ ಬ್ರಷ್ ಹಿಡಿಯಬೇಕು. ಬಾಯಿಯನ್ನು ಬಲವಂತವಾಗಿ ಅಗಲಿಸುವ ಅಗತ್ಯವೇ ಇಲ್ಲ. ಬಾಯಿ ಮುಚ್ಚಿರುವಾಗಲೇ ತುಟಿಯನ್ನು ಮೇಲಕ್ಕೆ ಸರಿಸಿ, ಹಲ್ಲು ಮತ್ತು ಒಸಡು ಕೂಡುವ ಗೆರೆಗೆ ಬ್ರಷ್ಷನ್ನು ಸುಮಾರು 45 ಡಿಗ್ರಿ ಓರೆಯಾಗಿಟ್ಟು, ಹಗುರವಾಗಿ ಸುತ್ತಿಸುತ್ತಾ ಹೊರಮೈಯನ್ನು ಉಜ್ಜಿದರೆ ಮುಖ್ಯವಾದ ಕೆಲಸ ಮುಗಿಯಿತು. ಒಳಮೈಯನ್ನು ನಾಲಿಗೆಯೇ ಒಂದು ಮಟ್ಟಿಗೆ ಶುಚಿಯಾಗಿಡುತ್ತದೆ. ಬಹಳ ಜನ ಕಣ್ಣಿಗೆ ಕಾಣುವ ಮುಂದಿನ ಹಲ್ಲುಗಳನ್ನು ತಿಕ್ಕಿ ನಿಲ್ಲಿಸುತ್ತಾರೆ. ಆದರೆ ಕಿಟ್ಟ ಹೆಚ್ಚಾಗಿ ಕಟ್ಟುವುದು ಮೇಲ್ದವಡೆಯ ಹಿಂಭಾಗದ ದೊಡ್ಡ ಹಲ್ಲಿನ ಮೇಲೆ, ಏಕೆಂದರೆ ಜೊಲ್ಲಿನ ನಾಳವೊಂದು ಕೆನ್ನೆಯ ಒಳಗೆ ಅದರ ಎದುರಿಗೇ ತೆರೆದುಕೊಳ್ಳುತ್ತದೆ. ನಾಯಿಯ ತಾಳ್ಮೆ ಕಡಿಮೆಯಿದ್ದ ದಿನ ಎರಡೂ ಬದಿಯ ಆ ಹಲ್ಲುಗಳನ್ನಷ್ಟೇ ಉಜ್ಜಿದರೂ ಆ ದಿನ ವ್ಯರ್ಥವಲ್ಲ. ನಾವು ಸಂಜೆಯ ಊಟಕ್ಕೆ ಸ್ವಲ್ಪ ಮೊದಲು ಉಜ್ಜುತ್ತೇವೆ, ಆಗ ಅದು ಬೇಗ ಒಪ್ಪುತ್ತದೆ.

ನಾವು ಬಳಸುವ ಪೇಸ್ಟ್ ಮಾತ್ರ ಬೇಡವೇ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ, ಹಾಕಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗಾಗಿ ಸೇರಿಸುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸುತ್ತದೆ, ಯಕೃತ್ತಿಗೂ ಹಾನಿ ಮಾಡಬಲ್ಲದು. ಅಡುಗೆ ಸೋಡಾ, ಉಪ್ಪು, ಇದ್ದಿಲಪುಡಿಗಳೂ ಸಲ್ಲವು.

ಎಲುಬು ಕಡಿದರೆ ಹಲ್ಲು ತಾನಾಗಿಯೇ ಶುಚಿಯಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾಯಿಯ ಹಲ್ಲಿನ ಎನಾಮಲ್ ನಮ್ಮದಕ್ಕಿಂತ ತೆಳುವಾದುದು; ಗಟ್ಟಿ ಎಲುಬನ್ನು ಕಡಿಯುವಾಗ ಹಿಂದಿನ ದೊಡ್ಡ ಹಲ್ಲಿನ ಹೊರಮೈ ಚಕ್ಕೆಯಾಗಿ ಸಿಡಿಯುವುದುಂಟು, ಬೇಯಿಸಿದ ಎಲುಬಾದರೆ ಚೂಪಾಗಿ ಸೀಳಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಉಗುರಿನಿಂದ ಒತ್ತಿದಾಗ ಸ್ವಲ್ಪವೂ ತಗ್ಗದ ವಸ್ತುವನ್ನು ಕಡಿಯಲು ಕೊಡಬಾರದು. ಒಣ ಆಹಾರದ ಮೇಲೂ ಅತಿಯಾದ ಭರವಸೆ ಸಲ್ಲದು. ಸಾಮಾನ್ಯ ಕಾಳುಗಳು ಹಲ್ಲಿನ ತುದಿ ತಾಗುತ್ತಲೇ ಪುಡಿಯಾಗುವುದರಿಂದ ಒಸಡಿನ ಅಂಚನ್ನು ಮುಟ್ಟುವುದೇ ಇಲ್ಲ.

ಈಗಾಗಲೇ ಕಿಟ್ಟ ಕಟ್ಟಿ ಒಸಡು ಕೆಂಪಾಗಿದ್ದರೆ ಬ್ರಷ್ ಹಿಡಿಯುವ ಮೊದಲು ಪಶುವೈದ್ಯರ ಬಳಿ ಹೋಗಬೇಕು, ಏಕೆಂದರೆ ನೋಯುವ ಬಾಯಿಯನ್ನು ಉಜ್ಜಿದರೆ ನಾಯಿ ಮುಂದೆಂದೂ ಹತ್ತಿರ ಬರಲಿಕ್ಕಿಲ್ಲ. ಅರಿವಳಿಕೆ ಕೊಡದೆ ಹಲ್ಲು ಕೆರೆದುಕೊಡುವ ಸೇವೆಯಿಂದ ಹೊರಗಿನ ಹೊಳಪಷ್ಟೇ ಸಿಗುತ್ತದೆ. ರೋಗ ಬೆಳೆಯುವುದು ಒಸಡಿನ ಕೆಳಗೆ, ಎಚ್ಚರವಾಗಿರುವ ನಾಯಿಯಲ್ಲಿ ಅಲ್ಲಿಯವರೆಗೆ ಸರಿಯಾಗಿ ತಲುಪಲಾಗದು. ಒಂದೇ ಬದಿಯಲ್ಲಿ ಅಗಿಯುವುದು, ತಿಂಡಿಯನ್ನು ಬಾಯಿಂದ ಬೀಳಿಸುವುದು, ಜೊಲ್ಲಿನಲ್ಲಿ ರಕ್ತ, ಇವು ಕಂಡರೂ ತಡಮಾಡಬಾರದು. ಒಂದು ಕಣ್ಣಿನ ಕೆಳಗೆ ಇದ್ದಕ್ಕಿದ್ದಂತೆ ಊತ ಬಂದರೆ ಕಣ್ಣಿನ ತೊಂದರೆಯೆಂದು ಮನೆಯಲ್ಲಿರುವ ಹನಿಯನ್ನು ಹಾಕಿ ಸುಮ್ಮನಾಗದೆ ಹಲ್ಲನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಬೇಕು, ಏಕೆಂದರೆ ಮೇಲ್ದವಡೆಯ ಆ ದೊಡ್ಡ ಹಲ್ಲಿನ ಬೇರಿನಲ್ಲಿ ಕೀವು ತುಂಬಿದರೂ ಊತ ಕಾಣಿಸಿಕೊಳ್ಳುವುದು ಅಲ್ಲಿಯೇ.