ಹಿಂದಿನ ಎಡಗಾಲಿ

ಹಳೇ ಕಾರು ಹಿಂದಿನಿಂದ ಸದ್ದು ಮಾಡಿತೆಂದರೆ ಮೊದಲು ಬಲಿಯಾಗುವುದು ಶಾಕ್ ಅಬ್ಸಾರ್ಬರ್. ನಮ್ಮ ಷಡ್ಡಕರು ಕೊಂಡ 2010ರ ಸ್ವಿಫ್ಟಿಗೂ ಅದೇ ಆಯಿತು. ಸ್ಪೀಡ್ ಬ್ರೇಕರ್ ಇಳಿದಾಗ ‘ಧಡ್’ ಎನ್ನುತ್ತದೆ, ಎಂಬತ್ತು ದಾಟಿದರೆ ಹಿಂಭಾಗ ತೇಲುತ್ತದೆ, ಸ್ಟೇರಿಂಗನ್ನು ತುಸು ಎಡಕ್ಕೆ ತಿರುಗಿಸಿ ಹಿಡಿದರೇನೇ ಗಾಡಿ ನೆಟ್ಟಗೆ ಹೋಗುತ್ತದೆ. ಪುಣೆ ಪಕ್ಕದ ಚಿಂಚವಡದ ಒಂದು ಗ್ಯಾರೇಜಿನವರು ಹಿಂದಿನ ಎರಡೂ ಶಾಕ್ ಬದಲಿಸಿದರು. ಇನ್ನೊಬ್ಬರು ಸ್ಪ್ರಿಂಗ್ ಕೂತಿದೆ ಎಂದು ರಬ್ಬರ್ ಪ್ಯಾಡ್ ತುರುಕಿದರು. ಗಾಲಿಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಅಂತೂ ಮಾಡಿಸಿದ್ದೇ ಮಾಡಿಸಿದ್ದು. ಪ್ರತಿ ಸಲ ಸ್ಟೇರಿಂಗ್ ನೆಟ್ಟಗಾಗಿ ಬರುತ್ತಿತ್ತು. ಹಿಂದಿನ ಎಡಗಾಲಿಯ ಟೈರು ಮಾತ್ರ ಒಳಅಂಚಿನಲ್ಲಿ ಸವೆಯುವುದನ್ನು ಬಿಡಲಿಲ್ಲ.

ನಾನು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಸೂಕ್ಷ್ಮ ಅಳತೆಯ ವರ್ನಿಯರ್, ಡಯಲ್ ಗೇಜು ನನ್ನ ಹೊಟ್ಟೆಪಾಡು. ಪುಣೆಯೇನೋ ಗಾಡಿ ಕಾರ್ಖಾನೆಗಳ ಊರು. ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ, 1966ರಲ್ಲಿ ಶುರುವಾದ ಎಆರ್‌ಎಐ ಸಂಸ್ಥೆಯೂ ಇಲ್ಲೇ ಕೋಥ್ರೂಡ್ ಪಕ್ಕದ ಗುಡ್ಡದ ಮೇಲಿದೆ. ಆದರೆ ಹಳೇ ಕಾರೊಂದು ಗ್ಯಾರೇಜಿಗೆ ಬಂದರೆ ಅದಕ್ಕೆ ಟೇಪು ಹಿಡಿಯುವವರಿಲ್ಲ. ಊಹೆಯ ಮೇಲೆ ಸಾಮಾನು ಬದಲಾಗುತ್ತದೆ, ಬಿಲ್ಲು ನಿಜವಾಗಿಯೇ ಬರುತ್ತದೆ.

“ತಮ್ಮಾ, ನೀನೊಮ್ಮೆ ನೋಡೇ ಬಿಡು” ಎಂದು ಷಡ್ಡಕರು ಜುಲೈನ ಒಂದು ಭಾನುವಾರ ಗಾಡಿಯನ್ನು ನಮ್ಮ ಸೊಸೈಟಿಗೇ ತಂದರು.

ನನ್ನ ಪ್ರಕಾರ ಸದ್ದನ್ನು ನಂಬಬಾರದು. ಒಂದು ಕಡೆ ಹುಟ್ಟಿದ ಸದ್ದು ಬಾಡಿಯ ತಗಡಿನಲ್ಲಿ ಹರಿದು ಇನ್ನೊಂದು ಕಡೆ ಕೇಳಿಸುತ್ತದೆ. ಟೈರು ಹಾಗಲ್ಲ. ಆ ಟೈರಿನ ಮೇಲೆ ಅಂಗೈ ಆಡಿಸಿದೆ. ಅಡ್ಡಕ್ಕೆ ಒಂದು ದಿಕ್ಕಿಗೆ ಸವರಿದರೆ ನುಣುಪು, ವಾಪಸ್ ಎಳೆದರೆ ಅಂಚುಗಳು ಚುಚ್ಚುತ್ತವೆ. ಶಾಕ್ ಕೆಟ್ಟಿದ್ದರೆ ಟೈರಿನ ಸುತ್ತ ಅಲ್ಲಲ್ಲಿ ತಗ್ಗು-ದಿನ್ನೆ ಬೀಳಬೇಕು. ಇಲ್ಲಿ ಹಾಗಿರಲಿಲ್ಲ. ಅಂದರೆ ಈ ಗಾಲಿ ಉರುಳುವುದರ ಜತೆಗೆ ಅಡ್ಡಕ್ಕೂ ಉಜ್ಜುತ್ತಾ ಹೋಗುತ್ತಿದೆ.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಟೈರಿನ ಪಕ್ಕದಲ್ಲಿ ತಯಾರಿಕೆಯ ನಾಲ್ಕಂಕಿ ಇರುತ್ತದಲ್ಲ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರು ಟೈರುಗಳಲ್ಲಿ 1419 ಇತ್ತು, ಇದರಲ್ಲಿ ಮಾತ್ರ 3521. ಮೂರು ರಿಮ್ಮುಗಳು ತುಕ್ಕು ಹಿಡಿದಿದ್ದರೆ ಇದು ಕಪ್ಪಗೆ ಹೊಸದಾಗಿತ್ತು. ಯಾವಾಗಲೋ ಈ ಮೂಲೆ ಟೈರು, ರಿಮ್ಮು ಎರಡೂ ಹೋಗುವಷ್ಟು ಜೋರಾಗಿ ಗುಂಡಿಗೆ ಬಿದ್ದಿರಬೇಕು. ಮಾರಿದವರು ಆಕ್ಸಿಡೆಂಟ್ ಆಗದ ಗಾಡಿ ಎಂದು ಹೇಳಿಯೇ ಕೊಟ್ಟಿದ್ದರಂತೆ. ಸುಳ್ಳೆನ್ನಲಾಗದು, ಗುಂಡಿಗೆ ಬಿದ್ದದ್ದನ್ನು ನಮ್ಮಲ್ಲಿ ಯಾರೂ ಆಕ್ಸಿಡೆಂಟ್ ಎನ್ನುವುದಿಲ್ಲ.

ಮಳೆ ಬಂದಿದ್ದು ಅನುಕೂಲವೇ ಆಯಿತು. ಗೇಟಿನ ಹತ್ತಿರ ನಿಂತ ನೀರಿನಲ್ಲಿ ಗಾಡಿ ಇಳಿಸಿ, ಒಣಗಿದ ಕಾಂಕ್ರೀಟಿನ ಪಾರ್ಕಿಂಗಿಗೆ ನೆಟ್ಟಗೆ, ನಿಧಾನ ತರಲು ಹೇಳಿದೆ. ನೆಲದ ಮೇಲೆ ಒದ್ದೆ ಗೆರೆಗಳು ಮೂಡಿದವು. ಮುಂದಿನ ಗಾಲಿಗಳ ನಡುವಿನ ಅಂತರಕ್ಕೂ ಹಿಂದಿನವುಗಳ ಅಂತರಕ್ಕೂ ಯಾವ ಕಾರಿನಲ್ಲಾದರೂ ತುಸು ವ್ಯತ್ಯಾಸ ಇರುತ್ತದೆ. ಆದ್ದರಿಂದ ಒಂದೇ ಪಕ್ಕ ನೋಡಿ ತೀರ್ಮಾನಿಸಬಾರದು. ಎರಡೂ ಪಕ್ಕ ನೋಡಿದೆವು. ಎರಡರಲ್ಲೂ ಹಿಂದಿನ ಗೆರೆ ಎಡಕ್ಕೇ ಸರಿದಿತ್ತು, ಸುಮಾರು ಎರಡು ಸೆಂಟಿಮೀಟರ್. “ಅಂದ್ರ ಗಾಡಿ ನಾಯಿ ಓಡಿದಂಗ ಅಡ್ಡಡ್ಡ ಹೊಂಟೈತಿ” ಎಂದರು ಷಡ್ಡಕರು. ಸರಿಯಾಗೇ ಹೇಳಿದರು.

ಈ ಸ್ವಿಫ್ಟಿನ ಹಿಂದಿನ ಎರಡು ಗಾಲಿಗಳನ್ನು ಟಾರ್ಷನ್ ಬೀಮ್ ಎಂಬ ಒಂದೇ ಅಡ್ಡ ತೊಲೆ ಜೋಡಿಸುತ್ತದೆ. ಬೀಮು ಎರಡು ರಬ್ಬರ್ ಬುಷ್‌ಗಳ ಮೂಲಕ ಬಾಡಿಗೆ ಕೂತಿರುತ್ತದೆ, ಅದರ ತುದಿಗೆ ಬೋಲ್ಟ್ ಹಾಕಿ ಬಿಗಿದ ಸ್ಪಿಂಡಲ್ ಎಂಬ ಗಿಡ್ಡ ಅಚ್ಚಿನ ಮೇಲೆ ಡ್ರಮ್ಮು, ಗಾಲಿ. ಕೆಟ್ಟಿದ್ದು ಬುಷ್ಷೋ, ಬೀಮೋ, ಸ್ಪಿಂಡಲ್ಲೋ ಎನ್ನುವುದು ಪ್ರಶ್ನೆ. ಭೋಸರಿಯಲ್ಲಿ ನಮ್ಮ ಇಂಡಿ ತಾಲೂಕಿನ ಹುಡುಗನದೊಂದು ಗ್ಯಾರೇಜಿದೆ. ಗಾಡಿ ಎತ್ತಿ ಬುಷ್ಷಿಗೆ ಟಾಮಿ ಹಾಕಿ ಮೀಟಿದ. ರಬ್ಬರ್ ಸೀಳಿರಲಿಲ್ಲ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಬೇರಿಂಗ್ ಗಟ್ಟಿ. ಮುಂದಿನ ಹಬ್ಬಿನ ನಡುವಿನಿಂದ ಹಿಂದಿನದರ ನಡುವಿಗೆ ಟೇಪು ಹಿಡಿದೆವು. ಕಂಪನಿ ಲೆಕ್ಕ 2390 ಮಿಲಿಮೀಟರ್, ಎರಡೂ ಪಕ್ಕ ಅದರ ಆಸುಪಾಸೇ. ಬೀಮು ಜಾಗ ಬಿಟ್ಟು ಸರಿದಿಲ್ಲ ಎಂದಾಯಿತು.

ಆಮೇಲೆ ತ್ರೀಡಿ ಅಲೈನ್‌ಮೆಂಟ್ ಅಂಗಡಿ. ಅಲ್ಲಿನವನು ಗಾಲಿಗೆ ಫಲಕ ಕಟ್ಟಿ, ಗಾಡಿ ಹಿಂದೆ ಮುಂದೆ ತಳ್ಳಿ, ಸೀದಾ ಮುಂದಿನ ಗಾಲಿ ತಿರುಗಿಸುವ ಟೈ ರಾಡಿಗೆ ಕೈ ಹಾಕಿದ. ನಿಲ್ಲಿಸಿ, ಹಿಂದಿನ ಗಾಲಿಗಳ ಅಂಕಿಗಳ ಪ್ರಿಂಟ್ ಕೇಳಿದೆ. ಹಿಂದಿನದಕ್ಕೆ ಸೆಟಿಂಗೇ ಇರುವುದಿಲ್ಲ ಸಾಹೇಬ್ ಎಂದ ಮರಾಠಿಯಲ್ಲಿ. ನಿಜ, ಇರುವುದಿಲ್ಲ. ಆದರೆ ತಿರುಗಿಸಲು ನಟ್ಟಿಲ್ಲ ಎಂದು ಅಂಕಿಯನ್ನೂ ಓದದಿದ್ದರೆ ಹೇಗೆ? ಜ್ವರಕ್ಕೆ ಮಾತ್ರೆ ಸಿಗದ ಊರಿನಲ್ಲೂ ಥರ್ಮಾಮೀಟರ್ ಇಡಬಹುದಲ್ಲ.

ಟೋ ಎಂದರೆ ಗಾಲಿಯ ಮೂತಿ ಒಳಕ್ಕೋ (ಇನ್) ಹೊರಕ್ಕೋ (ಔಟ್) ತಿರುಗಿದ ಕೋನ, ಕ್ಯಾಂಬರ್ ಎಂದರೆ ಗಾಲಿಯ ತಲೆ ವಾಲಿದ ಕೋನ, ಮೈನಸ್ ಎಂದರೆ ಒಳಕ್ಕೆ. ಡಿಗ್ರಿಯ ಅರವತ್ತನೇ ಭಾಗ ಒಂದು ಮಿನಿಟು. ಹಿಂದಿನ ಬಲಗಾಲಿ ಟೋ-ಇನ್ 10 ಮಿನಿಟು, ಕ್ಯಾಂಬರ್ ಮೈನಸ್ 1 ಡಿಗ್ರಿ. ಎಡಗಾಲಿ ಟೋ-ಔಟ್ 50 ಮಿನಿಟು, ಕ್ಯಾಂಬರ್ ಮೈನಸ್ 1 ಡಿಗ್ರಿ 40 ಮಿನಿಟು. ಇಡೀ ಬೀಮು ಓರೆಯಾಗಿದ್ದರೆ ಎಡ ಎಷ್ಟು ತಪ್ಪಿದೆಯೋ ಬಲವೂ ಉಲ್ಟಾ ದಿಕ್ಕಿಗೆ ಅಷ್ಟೇ ತಪ್ಪಬೇಕಿತ್ತು, ಕ್ಯಾಂಬರ್ ಕೆಡಬೇಕಿರಲಿಲ್ಲ. ಇಲ್ಲಿ ಕೆಟ್ಟಿದ್ದು ಎಡಗಾಲಿ ಒಂದೇ, ಎರಡೂ ಕೋನದಲ್ಲಿ. ಗುಂಡಿಯ ಅಂಚು ಗಾಲಿಯನ್ನು ಹಿಂದಕ್ಕೂ ಮೇಲಕ್ಕೂ ಒಟ್ಟಿಗೇ ಗುದ್ದುತ್ತದೆ. ಸ್ಪಿಂಡಲ್ಲಿನ ತುದಿ ಹಿಂದಕ್ಕೆ ಬಾಗಿದರೆ ಗಾಲಿಯ ಮೂತಿ ಹೊರಗೆ ತಿರುಗುತ್ತದೆ, ಮೇಲಕ್ಕೆ ಬಾಗಿದರೆ ಗಾಲಿಯ ತಲೆ ಒಳಗೆ ವಾಲುತ್ತದೆ. ಒಳಅಂಚು ಸವೆಯಲು ಇಷ್ಟು ಸಾಕು.

ಹಿಂದಿನ ಗಾಲಿಗಳು ಒಟ್ಟಾರೆ ಹೊರಟ ದಿಕ್ಕು ಮಧ್ಯರೇಖೆಯಿಂದ ಎಡಕ್ಕೆ 30 ಮಿನಿಟು (ಎರಡರ ಮೂತಿಯೂ ಎಡಕ್ಕೇ, 10 ಮತ್ತು 50ರ ಸರಾಸರಿ), ಎಂದರೆ ಅರ್ಧ ಡಿಗ್ರಿ. 2390 ಮಿ.ಮೀ. ಉದ್ದಕ್ಕೆ ಅರ್ಧ ಡಿಗ್ರಿಗೆ ಸುಮಾರು 21 ಮಿ.ಮೀ. ಬರುತ್ತದೆ. ಪಾರ್ಕಿಂಗಿನ ಒದ್ದೆ ಗೆರೆಯೂ ಅಷ್ಟೇ ಹೇಳಿತ್ತು! ಇಷ್ಟು ದಿನ ಅಲೈನ್‌ಮೆಂಟ್ ಮಾಡಿದವರೆಲ್ಲ ಈ ಓರೆಗೆ ಹೊಂದುವಂತೆ ಮುಂದಿನ ಗಾಲಿಗಳನ್ನು ತಿರುಗಿಸಿ ಸ್ಟೇರಿಂಗ್ ನೆಟ್ಟಗೆ ಮಾಡಿ ಕಳಿಸುತ್ತಿದ್ದರು ಅಷ್ಟೆ.

ಡ್ರಮ್ ಬಿಚ್ಚಿ ಸ್ಪಿಂಡಲ್ ಹೊರತೆಗೆದೆವು. ಅದನ್ನು ಕಾರ್ಖಾನೆಗೆ ಒಯ್ದು, ದೊಡ್ಡವರ ಅಪ್ಪಣೆ ಪಡೆದು, ವಿ-ಬ್ಲಾಕ್ ಮೇಲಿಟ್ಟು ತಿರುಗಿಸಿದೆ. ಡಯಲ್ ಗೇಜಿನ ಮುಳ್ಳು ಎರಡು ಮಿಲಿಮೀಟರ್ ಹತ್ತಿರ ಓಡಿತು. ನಮ್ಮಲ್ಲಿ ಮಿಲಿಮೀಟರಿನ ನೂರನೇ ಭಾಗಕ್ಕೆ ಜಗಳಾಗುತ್ತವೆ.

ಕಾಯಿಸಿ ಬಡಿದು ನೆಟ್ಟಗೆ ಮಾಡಿಕೊಡುತ್ತೇನೆಂದು ಒಬ್ಬ ವೆಲ್ಡರ್ ಮುಂದೆ ಬಂದ. ಒಪ್ಪಲಿಲ್ಲ. ಬೆಂಕಿ ತೋರಿಸಿದ ಉಕ್ಕಿನ ಹದ ಹೋಗುತ್ತದೆ, ಗಾಲಿ ನಿಂತಿರುವುದೇ ಅದರ ಮೇಲೆ. ಪುಣೆಯ ನಾನಾ ಪೇಠೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ ಎಂದರು ಷಡ್ಡಕರು. ಅದು ಯಾವ ಗುಂಡಿ ಕಂಡದ್ದೋ! ಹೊಸದೇ ತರಿಸಿ, ಹಬ್ ನಟ್ಟನ್ನೂ ಹೊಸದು ಹಾಕಿಸಿ, ಹುಡುಗ ಟಾರ್ಕ್ ರೆಂಚಿನಲ್ಲಿ ಬಿಗಿದ. ಮುಂದಿನ ಅಲೈನ್‌ಮೆಂಟ್ ಹೊಸದಾಗಿ ಆಗಲೇಬೇಕಿತ್ತು, ಆಯಿತು. ತೇಲುವುದು ನಿಂತಿತು.

‘ಧಡ್’ ಮಾತ್ರ ಹಾಗೇ ಇತ್ತು. ಹುಡುಗ ಡಿಕ್ಕಿಯ ಚಾಪೆ ಎತ್ತಿ ನೋಡಿ ನಗತೊಡಗಿದ. “ಅಣ್ಣಾರ, ಜಾಕ್ ಕಟ್ಟೇ ಇಲ್ರಿ!” ಸ್ಟೆಪ್ನಿ ಪಕ್ಕ ಜಾಕು ಬಿಡುಬೀಸಾಗಿ ಬಿದ್ದಿತ್ತು. ಅದಕ್ಕಾಗಿ ಒಂದು ಜೋಡಿ ಶಾಕ್ ಬದಲಾಗಿದ್ದವು.

ಸವೆದ ಟೈರಿನ ಒಳಅಂಚಿನಲ್ಲಿ ಆಗಲೇ ತಂತಿ ಇಣುಕುತ್ತಿತ್ತು. ಅದನ್ನು ಸ್ಟೆಪ್ನಿಗಾದರೂ ಇಟ್ಟುಕೊಳ್ಳೋಣ ಎಂದು ಷಡ್ಡಕರು ಹಟ ಹಿಡಿದರು. ಕೊನೆಗೆ ಅವರ ಹೆಂಡತಿಗೆ ಫೋನ್ ಹಚ್ಚಿ ಕೊಟ್ಟ ಮೇಲೆಯೇ ಅದನ್ನು ಟೈರ್ ಅಂಗಡಿಯಲ್ಲಿ ಬಿಟ್ಟು ಬಂದದ್ದು.