ಟೂಲ್ ಬೋರ್ಡ್: ದಂಡ ಹೋಯ್ತು, ಡ್ರಿಲ್ ಬಂತು

ಕೊನೆಗೂ ಡ್ರಿಲ್ ತನ್ನ ಕೊಕ್ಕೆಗೆ ಬಂದು ನೇತಾಡುತ್ತಿದೆ! ನಮ್ಮ ಮರಗೆಲಸದ ಕ್ಲಬ್ಬಿನ ಟೂಲ್ ಬೋರ್ಡಿನ ಕಥೆ ಇದು. ಪ್ಲೈವುಡ್ ಕೊಯ್ದದ್ದು, ಗೋಡೆಗೆ ಕೂರಿಸಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಟ್ಟುಬಿಡುತ್ತೇನೆ. ಜೀವ ಹಿಂಡಿದ್ದು ದಂಡದ ವಿಷಯ.

ಮನೆಗೆ ಒಯ್ದ ಟೂಲನ್ನು ಭಾನುವಾರ ಸಂಜೆಯೊಳಗೆ ತಂದಿಡದಿದ್ದರೆ ದಿನಕ್ಕೆ 20 ರೂಪಾಯಿ ಅಂತ ಕಮಿಟಿ ನಿಯಮ ಮಾಡಿತು. ತಡ ಮಾಡುವವರು ಇನ್ನೂ ಹೆಚ್ಚಿದರು. ಮೊದಲೆಲ್ಲ "ಅಯ್ಯೋ, ಮರೆತೇಬಿಟ್ಟೆ" ಎಂದು ಓಡಿಬರುತ್ತಿದ್ದವರು ಈಗ ನಗುತ್ತಾ ನೋಟು ಚಾಚತೊಡಗಿದರು. ಒಬ್ಬರಂತೂ "20 ರೂಪಾಯಿಗೆ ಇಂಥ ಡ್ರಿಲ್ ಬಾಡಿಗೆಗೆ ಎಲ್ಲಿ ಸಿಗುತ್ತೆ ಹೇಳಿ, ಇನ್ನೆರಡು ದಿನ ಇರಲಿ" ಎಂದರು!

ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಆದದ್ದೂ ಇದೇ. ಅರ್ಥಶಾಸ್ತ್ರಜ್ಞರಾದ ಉರಿ ನೀಝಿ ಮತ್ತು ಆಲ್ಡೊ ರುಸ್ತಿಕೀನಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಅದು. 10 ಶಿಶುವಿಹಾರಗಳ ಪೈಕಿ 6ರಲ್ಲಿ, ಮಗುವನ್ನು ಕರೆದೊಯ್ಯಲು 10 ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ ದಂಡ. ತಡವಾಗಿ ಬರುವ ಪೋಷಕರು ಸುಮಾರು ಎರಡರಷ್ಟಾದರು. ಕಾದು ಕೂತ ಟೀಚರ್ ಮುಂದೆ ಆಗುತ್ತಿದ್ದ ಸಂಕೋಚ ಹೋಗಿ ಆ ಹೊತ್ತಿಗೊಂದು ರೇಟು ಬಂದಿತ್ತು. ದಂಡ ತೆಗೆದ ಮೇಲೂ ತಡ ಇಳಿಯಲಿಲ್ಲ. ನನ್ನ ನಿದ್ದೆಗೆಡಿಸಿದ್ದು ಈ ಕೊನೆಯ ಸಂಗತಿ. ನಮ್ಮಲ್ಲೂ ದಂಡ ರದ್ದಾಯಿತು, ಡ್ರಿಲ್ ಮಾತ್ರ ಬರಲಿಲ್ಲ. ಹೋದ ಸಂಕೋಚವನ್ನು ಮತ್ತೆ ತರುವುದು ಹೇಗೆ?

ದಾರಿ ಸಿಕ್ಕಿದ್ದು ರಿಜಿಸ್ಟರ್ ತಿರುವಿಹಾಕುವಾಗ. ಒಯ್ದವರ ಹೆಸರು ಅದರಲ್ಲಿತ್ತು, ಅದೇ ಟೂಲಿಗೆ ಕಾಯುತ್ತಿರುವವರ ಹೆಸರು ಎಲ್ಲೂ ಇರಲಿಲ್ಲ. ಟೂಲು ಕ್ಲಬ್ಬಿಗೆ ಬೇಕು ಎಂದರೆ ಯಾರಿಗೂ ಬೇಡ ಎಂದಂತೆ. ಹಾಗಾಗಿ ಪ್ರತಿ ಟೂಲಿನ ಆಕಾರವನ್ನು ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದೆ. ಖಾಲಿಯಿದ್ದರೆ ಕಣ್ಣಿಗೆ ಹೊಡೆಯಬೇಕು. ಒಯ್ದವರ ಹೆಸರಿನ ಬಿಲ್ಲೆ ಮೇಲಿನ ಕೊಕ್ಕೆಗೆ, ಕಾಯುತ್ತಿರುವವರದ್ದು ಕೆಳಗಿನದಕ್ಕೆ. ಮೊಮ್ಮಗನಿಗೆ ತೊಟ್ಟಿಲು ಮಾಡುತ್ತಿರುವ ನಮ್ಮ ಹಿರಿಯ ಸದಸ್ಯೆಯೊಬ್ಬರು ಡ್ರಿಲ್ಲಿನ ಕೆಳಗೆ ಬಿಲ್ಲೆ ಹಾಕಿದರು. ಬೋರ್ಡಿನ ಫೋಟೊ ವಾಟ್ಸಾಪ್ ಗುಂಪಿಗೆ ಹೋಯಿತು. ಶನಿವಾರವೇ ಡ್ರಿಲ್ ಬಂತು, ಜೊತೆಗೆ ಅದರ ಬಿಟ್‌ಗಳೂ ಬಂದವು!

ಬಿಲ್ಲೆ ಕತ್ತರಿಸಿಕೊಟ್ಟ ಲೇಸರ್ ಅಂಗಡಿಯವರ ಮೇಲೆ ಮಾತ್ರ ಸಿಟ್ಟಿದೆ. 3 ಮಿ.ಮೀ. ಅಕ್ರಿಲಿಕ್ ಹೇಳಿದರೆ 2 ಮಿ.ಮೀ. ಕೊಟ್ಟರು, ತೂತು ಅಂಚಿಗೆ ಅಂಟಿಕೊಂಡಂತಿದೆ. ಕೇಳಿದರೆ "ಅಡ್ಜಸ್ಟ್ ಮಾಡ್ಕೊಳ್ಳಿ ಸರ್". ಆಗಲೇ ಕೆಲವು ಸೀಳಿವೆ.

ಇದು ಹೊಸತರ ಹುರುಪೇ ಇರಬಹುದು. ಜನ ತಮ್ಮನ್ನು ಗಮನಿಸುತ್ತಿದ್ದಾರೆಂದು ಗೊತ್ತಾದರೇ ನಡವಳಿಕೆ ಬದಲಿಸುತ್ತಾರೆ ಎಂಬ ಮಾತು ಹುಟ್ಟಿದ್ದು 1924ರಿಂದ 1932ರವರೆಗೆ ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳಿಂದ. ಅಲ್ಲಿನ ಹಳೆಯ ಅಂಕಿಅಂಶಗಳನ್ನು ಮತ್ತೆ ಲೆಕ್ಕಹಾಕಿದವರು ಪರಿಣಾಮ ಅಷ್ಟು ದೊಡ್ಡದಲ್ಲ ಎಂದಿದ್ದಾರೆ. ಆದರೂ ಹೋಲಿಕೆಗೆ ಇರಲಿ ಎಂದು ಉಳಿಗಳ ಸಾಲಿಗೆ ಆಕಾರ ಮಾತ್ರ ಬರೆದಿದ್ದೇನೆ, ಬಿಲ್ಲೆ ಹಾಕಿಲ್ಲ.

ಮುಂದಿನದು ಮರದ ಪುಡಿ ಗುಡಿಸುವ ಸಮಸ್ಯೆ. 2008-09ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಬಾಲಾಜಿ ಪ್ರಭಾಕರ್ ಬೆಂಗಳೂರಿನ ಇನ್ಫೋಸಿಸ್‌ನಲ್ಲಿ, ಟ್ರಾಫಿಕ್‌ಗೆ ಮುಂಚೆ ಆಫೀಸು ತಲುಪಿದವರಿಗೆ ಅಂಕ ಕೊಟ್ಟು ವಾರಕ್ಕೊಮ್ಮೆ ಲಾಟರಿ ಎತ್ತಿಸಿದ್ದರು. ಬೇಗ ಬರುವವರು ಎರಡರಷ್ಟಾದರು. ಗುಡಿಸಿದವರಿಗೂ ಹಾಗೇ ಚೀಟಿ ಎತ್ತೋಣ ಎಂದಿದ್ದೇನೆ. ಬಹುಮಾನ ದುಡ್ಡಾದರೆ ಮತ್ತೆ ರೇಟಿನ ಕಾಟ, ಅದಕ್ಕೇ ಒಂದು ಒಳ್ಳೆಯ ಸಾಗುವಾನಿ ತುಂಡು. ನಿಮ್ಮಲ್ಲಿ ಯಾರಾದರೂ ಇಂಥದ್ದು ಮಾಡಿನೋಡಿದ್ದರೆ ಚೀಟಿ ವಾರಕ್ಕೊಮ್ಮೆ ಸಾಕೋ ಬೇಗ ಬೇಗ ಎತ್ತಬೇಕೋ ತಿಳಿಸಿ.