ಜೂಪಿಟರ್-8 ಪ್ರಗತಿ: ಹಿತ್ತಾಳೆಯ ಒಂದು ಶಿಮ್ ಮತ್ತು ಲೈಕಾದ ಬೆಲೆಪಟ್ಟಿ

ಕೊನೆಗೂ ನನ್ನ ಜೂಪಿಟರ್-8 (ಹಳೆಯ ಸೋವಿಯತ್ 50 ಮಿ.ಮೀ. ಲೆನ್ಸ್), ಒಂದು ಮೀಟರ್ ದೂರದಲ್ಲಿ, ಎಫ್/2ರಲ್ಲಿ (ಲೆನ್ಸಿನ ಬಾಯಿ ಪೂರ್ತಿ ತೆರೆದು), ಲೈಕಾ ಕ್ಯಾಮೆರಾದ ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ತೋರಿಸುವ ಸಾಧನ) ಹೇಳಿದ ಜಾಗಕ್ಕೇ ಫೋಕಸ್ ಆಗುತ್ತಿದೆ. ಲೆನ್ಸ್ ಬಿಚ್ಚಿ, ಗಟ್ಟಿಯಾದ ಗ್ರೀಸ್ ತೆಗೆದು, ಹೆಲಿಕಾಯ್ಡ್ (ಫೋಕಸಿಗಾಗಿ ಗಾಜನ್ನು ಹಿಂದೆ ಮುಂದೆ ಸರಿಸುವ ತಿರುಪು) ಮತ್ತೆ ಕೂರಿಸುವ ಕೆಲಸ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬಿಡುತ್ತೇನೆ. ನನ್ನ ತಲೆ ತಿಂದದ್ದು ಬೇರೆ: ದೂರದ ಮೊಬೈಲ್ ಟವರ್ ಸ್ಪಷ್ಟವಾಗಿ ಮೂಡುತ್ತಿತ್ತು, ಆದರೆ ಹತ್ತಿರ ಕೂತವರ ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ ಸ್ಪಷ್ಟವಾಗುತ್ತಿತ್ತು.

ಮೊದಲು ಅನುಮಾನ ಬಿದ್ದದ್ದು, ಸ್ಕ್ರೂ ಮೌಂಟಿನ ಈ ಲೆನ್ಸನ್ನು ಲೈಕಾದ ಎಂ ಮೌಂಟಿಗೆ ಹೊಂದಿಸುವ ಅಡಾಪ್ಟರ್ ಮೇಲೆ. ಮೌಂಟಿನಿಂದ ಫಿಲ್ಮಿಗಿರುವ ದೂರ ಸ್ಕ್ರೂ ಮೌಂಟ್‌ನಲ್ಲಿ 28.8 ಮಿ.ಮೀ., ಎಂ ಮೌಂಟ್‌ನಲ್ಲಿ 27.8 ಮಿ.ಮೀ. ಆದ್ದರಿಂದ ಅಡಾಪ್ಟರಿನ ದಪ್ಪ ಸರಿಯಾಗಿ 1 ಮಿ.ಮೀ. ಇರಬೇಕಿತ್ತು, ಮೈಕ್ರೋಮೀಟರ್ 0.94 ತೋರಿಸಿತು. ಮಾರಿದವರಿಗೆ ಅಳತೆಯ ಫೋಟೋ ಕಳುಹಿಸಿದರೆ ಐದು ಸ್ಟಾರ್ ಕೊಡಿ ಎಂಬ ಉತ್ತರ ಬಂತು. ಆದರೂ ಈ ವಿಷಯದಲ್ಲಿ ಅಡಾಪ್ಟರ್ ನಿರಪರಾಧಿ. ಇಲ್ಲಿ ಗಾಜೂ ಕ್ಯಾಮೂ (ರೇಂಜ್‌ಫೈಂಡರನ್ನು ತಳ್ಳುವ, ಲೆನ್ಸಿನ ಹಿಂಬದಿಯ ಭಾಗ) ಒಂದೇ ಪ್ರಮಾಣದಲ್ಲಿ ಚಲಿಸುವುದರಿಂದ ಇನ್ಫಿನಿಟಿ (ಅನಂತ ದೂರ) ಗುರುತು ತುಸು ಸರಿಯುತ್ತದೆಯೇ ಹೊರತು ಎರಡರ ಹೊಂದಾಣಿಕೆ ಕೆಡುವುದಿಲ್ಲ.

ನಿಜವಾದ ತಂಟೆ ಲೈಕಾ ಮತ್ತು ಕಾಂಟ್ಯಾಕ್ಸ್ ಕ್ಯಾಮೆರಾಗಳ ಹಳೆಯ ಜರ್ಮನ್ ಪೈಪೋಟಿಯದು. ಲೈಕಾ ರೇಂಜ್‌ಫೈಂಡರ್ 51.6 ಮಿ.ಮೀ. ಲೆನ್ಸನ್ನು ಲೆಕ್ಕಕ್ಕಿಟ್ಟುಕೊಂಡಿದೆ, ಜೂಪಿಟರ್‌ನ ಮೂಲವಾದ ಕಾಂಟ್ಯಾಕ್ಸ್‌ನ ಸೋನಾರ್ ಲೆನ್ಸ್ 52.4ರ ಲೆಕ್ಕದ್ದು. ಇನ್ಫಿನಿಟಿಯಲ್ಲಿ ಇದು ಕಾಣುವುದಿಲ್ಲ, ಆದರೆ ಒಂದು ಮೀಟರಿಗೆ ಬಂದಾಗ ಗಾಜು ಸುಮಾರು 0.1 ಮಿ.ಮೀ. ಹೆಚ್ಚು ಮುಂದೆ ಬರಬೇಕಾಗುತ್ತದೆ. ಹಿತ್ತಾಳೆ ಹಾಳೆ ಮಾರುವ ಅಂಗಡಿಯಲ್ಲಿ 0.1 ಕೇಳಿದರೆ "0.15 ತಗೊಳ್ಳಿ ಸಾರ್, ಕಣ್ಣಿಗೆ ಏನೂ ಗೊತ್ತಾಗಲ್ಲ" ಎಂದರು. ಹಟ ಹಿಡಿದು 0.1ನ್ನೇ ತಂದು, ತೆಳು ಉಂಗುರ (ಅದೇ ಶಿಮ್) ಕತ್ತರಿಸಿ, ಅಂಚಿನ ಮುಳ್ಳು ಉಜ್ಜಿ, ಗಾಜಿನ ಬ್ಲಾಕಿಗೂ ಫೋಕಸ್ ಮೌಂಟಿಗೂ ನಡುವೆ ಕೂರಿಸಿದೆ. ಈಗ ಎಫ್/2ರಲ್ಲಿ ಟವರ್ ಮಸುಕು, ಎಫ್/4ರಿಂದ ಸಹ್ಯ. ಮುಖಗಳನ್ನು ತೆಗೆಯಲು ಕೊಂಡ ಲೆನ್ಸಿಗೆ ಇದು ಒಪ್ಪಬಹುದಾದ ಸೌದಾ.

ಲೈಕಾ ಕಂಪನಿಯವರು ಅಗ್ಗದ ಲೆನ್ಸ್ ತಯಾರಿಸುವ ಕಡೆ ಏಕೆ ತಿರುಗಿ ನೋಡುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಈ ಉಂಗುರದಲ್ಲೇ ಇದೆ. 35 ಅಥವಾ 90 ಮಿ.ಮೀ. ಲೆನ್ಸಿನಲ್ಲಿ ಗಾಜು ಒಂದು ವೇಗದಲ್ಲಿ, ಕ್ಯಾಮ್ ಇನ್ನೊಂದು ವೇಗದಲ್ಲಿ ಚಲಿಸಬೇಕು, ಮತ್ತು ಮಾರುವ ಬೆಲೆ ಕಡಿಮೆಯಾಯಿತೆಂದು ಈ ಹೊಂದಾಣಿಕೆಯ ಕೂಲಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. 2007ರಲ್ಲಿ ಅವರು ಎಫ್/2.5ರ ಸುಮ್ಮಾರಿಟ್ ಸಾಲನ್ನು ತುಸು ಕಡಿಮೆ ಬೆಲೆಗೆ ತಂದರು, 2014ರಲ್ಲಿ ಅದನ್ನೇ ಎಫ್/2.4 ಮಾಡಿದರು, ಬಳಿಕ ಕೈಬಿಟ್ಟರು. ಒಂದೇ ಶ್ರಮಕ್ಕೆ ಹೆಚ್ಚು ಲಾಭ ಕೊಡುವ ದುಬಾರಿ ಸುಮ್ಮಿಲಕ್ಸ್ ಲೆನ್ಸುಗಳು ಇರುವಾಗ ಸಣ್ಣ ಕಾರ್ಖಾನೆ ಮತ್ತೇನು ಮಾಡೀತು?

ಆದರೆ ಜಪಾನಿನ ಕೊಸಿನಾ ಕಂಪನಿ ಇದೇ ಹೊಂದಾಣಿಕೆಯನ್ನು ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಎಷ್ಟೋ ಕಡಿಮೆ ಬೆಲೆಗೆ ಮಾಡಿ ತೋರಿಸಿರುವುದರಿಂದ ಕೂಲಿಯೊಂದನ್ನೇ ದೂರುವಂತಿಲ್ಲ. ಲೈಕಾದ 2008ರ ಅತಿ ದುಬಾರಿ ಎಫ್/0.95 ನಾಕ್ಟಿಲಕ್ಸ್ ಲೆನ್ಸನ್ನು ಕೊಳ್ಳುವವರು ಕೆಲವರೇ ಇರಬಹುದು. ಆದರೆ ಅದರ ಪಕ್ಕದಲ್ಲಿಟ್ಟಾಗ ಉಳಿದ ಲೈಕಾ ಲೆನ್ಸುಗಳ ಬೆಲೆ ನ್ಯಾಯವಾಗಿ ಕಾಣುತ್ತದೆ. ಅದೇ ಲೈಕಾದ ಕೆಂಪು ಚುಕ್ಕೆಯ ಗುರುತಿನ ಅಗ್ಗದ ಲೆನ್ಸ್ ಪಕ್ಕಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ.

ಇಷ್ಟರಲ್ಲಿ ಮೇಜಿನ ಮೇಲೆ 85 ಮಿ.ಮೀ.ನ ಜೂಪಿಟರ್-9 ಬಂದು ಕೂತಿದೆ. ಅದರಲ್ಲಿ ಗಾಜಿಗೂ ಕ್ಯಾಮಿಗೂ ಬೇರೆ ಬೇರೆ ವೇಗವಿರುವುದರಿಂದ ಅಡಾಪ್ಟರಿನ 0.94 ಈ ಸಲ ಅಪರಾಧಿಯೇ. ಹೊಸ ಅಡಾಪ್ಟರನ್ನು ಬೇರೆಯವರಲ್ಲಿ ತರಿಸಿದ್ದೇನೆ. ಸ್ಟಾರ್ ಎಷ್ಟು ಕೊಡಬೇಕೆಂದು ಮೈಕ್ರೋಮೀಟರ್ ಹೇಳಲಿ.